ಮೊಳೆ ಎಂದು ಬರೆದದ್ದು

ಭಾನುವಾರ, ನವೆಂಬರ್ ಒಂಬತ್ತು
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ದಾರದುಂಡೆಗೆ,

ಹೇಗಿದ್ದೀಯ? ಚಳಿಗೆ ಮಣಿಕಟ್ಟಿನ ನೋವು ಮತ್ತೆ ಎದ್ದಿದೆಯೇ? ನಿನ್ನ ಮೂರು ಪತ್ರಗಳೂ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿಯಿತ್ತು, ಕಣ್ಣು ಸರಿಯಿರಲಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಹುದು. ಎರಡೂ ನಿಜವೇ. ಆದರೆ ಎಷ್ಟೋ ಸಲ ಕೂತು, ಮೊದಲ ಸಾಲು ಬರೆದು, ಹಾಳೆ ಹರಿದು ಎದ್ದಿದ್ದೇನೆ. ನಿನ್ನ ಚಿಕ್ಕಮ್ಮ ಅದನ್ನು ನೋಡಿ, "ಹರಿದಿದ್ದನ್ನ ಸರಿ ಮಾಡೋದು ನಿನ್ನ ಕೆಲಸ, ನೀನೇ ಹರೀತಾ ಕೂತಿದ್ದೀಯಲ್ಲೇ" ಎಂದು ನಕ್ಕಳು. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ನಿನ್ನ ಸ್ಟೇಷನ್ನಿನ ಕೌಂಟರಿನ ಸುದ್ದಿಯನ್ನು ಅವಳಿಗೂ ಓದಿ ಹೇಳಿದೆ. ರೈಲಿನಲ್ಲಿ ಹಲ್ಲಿನ ಸೆಟ್ಟು ಬಿಟ್ಟುಹೋದ ಮುದುಕ ಬಂದು, ನೀನು ತೋರಿಸಿದ್ದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಂದಲ್ಲ, ನಂದು ಇದಕ್ಕಿಂತ ಚೆನ್ನಾಗಿತ್ತು" ಎಂದನಂತಲ್ಲ, ಅದಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. ಜನ ಕಳೆದುಕೊಂಡದ್ದನ್ನು ಕಾಯುವ ಕೆಲಸ ನಿನಗೆ ಹಿಡಿಸಿದೆ ಎಂದು ಬರೆದಿದ್ದೀಯ. ಸಂತೋಷ. ಬೆನ್ನಿಗೆ ಗಾಳಿ ಬಡಿಯದ ಕಡೆ ಕುರ್ಚಿ ಹಾಕಿಕೋ.

ಇಲ್ಲಿ ಎಲ್ಲ ಹಾಗೇ ಇದೆ. ಪಕ್ಕದ ಅಂಗಡಿಯ ಬೀಗದಣ್ಣ ಹೋದ ವಾರ ತನ್ನ ಕೀಲಿಕೈಯನ್ನೆಲ್ಲ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು, ಒಂದು ಗಂಟೆ ಬೀದಿಯಲ್ಲಿ ನಿಂತಿದ್ದ. ಬ್ಯಾಂಡ್ ಮಾಸ್ಟರರ ಕೆಂಪು ಕೋಟು ಬಂದಿದೆ. ನುಸಿ ಹನ್ನೊಂದು ಕಡೆ ತಿಂದಿದೆ. ಚಿಕ್ಕಮ್ಮ ಅವರ ಎದುರಿಗೇ, "ನುಸಿಗೂ ನಿಮ್ಮ ಬ್ಯಾಂಡು ಕೇಳಿ ಕೋಪ ಬಂದಿರ್ಬೇಕು" ಎಂದುಬಿಟ್ಟಳು. ಅವಳನ್ನು ಕೌಂಟರಿನಲ್ಲಿ ಕೂರಿಸಿದ್ದೇ ತಪ್ಪಾಯಿತು.

ಇನ್ನೊಂದು. ಹಳೆಯ ಕನ್ನಡಕವನ್ನು ಬಿಸಾಡಿದೆ. ಅವನ ಅಂಗಡಿಯಲ್ಲಿ, ಅವನೇ ನನ್ನ ಕಣ್ಣು ಪರೀಕ್ಷೆ ಮಾಡಿ, ಆಮೇಲೆ ತಂದುಕೊಟ್ಟದ್ದು. ಆಗೆಲ್ಲ ನಾನು ಅಳಿಯನನ್ನು 'ಅವರು' ಎನ್ನುತ್ತಿದ್ದೆ. ಕೇಸು ಹಾಕಿದ ಮೇಲೂ ಆ ಕನ್ನಡಕ ಹಾಕಿಕೊಂಡೇ ಎರಡು ವರ್ಷ ಕೆಲಸ ಮಾಡಿದೆ. ಅದಿಲ್ಲದೆ ಎಳೆ ಕಾಣುತ್ತಿರಲಿಲ್ಲ. ಈಗ ದೊಡ್ಡಾಸ್ಪತ್ರೆಯದ್ದು ಸಿಕ್ಕಿದೆ. ಮೂಗಿನ ಮೇಲೆ ನಿಲ್ಲುವುದಿಲ್ಲ, ಆದರೂ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೇಲಿನ ಕೋರ್ಟು ನಮ್ಮ ಅಪೀಲನ್ನು ತೆಗೆದುಕೊಂಡಿದೆ. ಈ ತಿಂಗಳು ಇಪ್ಪತ್ತಾರಕ್ಕೆ ನನ್ನನ್ನು ಮತ್ತೆ ಸಾಕ್ಷಿಗೆ ಕರೆದಿದ್ದಾರೆ. ಮಂಗಳವಾರ ನಮ್ಮ ಹೊಸ ವಕೀಲೆ ಅಂಗಡಿಗೇ ಬಂದಿದ್ದಳು. ನಿನಗಿಂತ ಚಿಕ್ಕವಳು, ಚಿಕ್ಕಮ್ಮ ಅವಳನ್ನು 'ಚಿಕ್ಕ ವಕೀಲೆ' ಎಂದೇ ಕರೆಯುತ್ತಾಳೆ. "ಅಮ್ಮಾ, ನಡೆದಿದ್ದನ್ನ ಮೊದಲಿಂದ ಒಂದ್ಸಲ ಬರೆದಿಡಿ. ಬರೆದ್ರೆ ಅಲ್ಲಿ ತಡವರಿಸಲ್ಲ" ಎಂದಳು. ಅದಕ್ಕೆ ನಿನಗೇ ಬರೆಯುತ್ತಿದ್ದೇನೆ. ಗೊತ್ತಿರುವುದನ್ನೇ ಮತ್ತೆ ಓದಬೇಕಾಯಿತಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ.

ನೀನು ಬಂದದ್ದು ಫೆಬ್ರವರಿಯ ಒಂದು ಭಾನುವಾರ, ಬೆಳಗ್ಗೆ ಹತ್ತಕ್ಕೆ. ಬಲಗೈಗೆ ಆಸ್ಪತ್ರೆಯ ಕಟ್ಟು ಇತ್ತು. ಅಲ್ಲಿಗೆ ಕರೆದೊಯ್ದವನೂ ನಿನ್ನ ಗಂಡನೇ, ಡಾಕ್ಟರಿಗೆ "ಮೆಟ್ಟಿಲಿಂದ ಬಿದ್ದಳು" ಎಂದು ನಿನ್ನ ಪರವಾಗಿ ಹೇಳಿದವನೂ ಅವನೇ. ಅವನು ಔಷಧಿ ತರಲು ಹೋದಾಗ ನೀನು ಗೇಟು ದಾಟಿ ಬಂದುಬಿಟ್ಟಿದ್ದೆ. ನಾನು ಕೊಡಿಸಿದ ಬೂದು ಉಣ್ಣೆಕೋಟು ಎಡಗಡೆ ಕಾಲರಿನಿಂದ ತೋಳಿನವರೆಗೆ ಬಾಯಿಬಿಟ್ಟಿತ್ತು. "ಅಮ್ಮಾ, ಸ್ವಲ್ಪ ಮಲಗ್ತೀನಿ" ಎಂದೆ, ಅಷ್ಟೇ.

ಐದು ಗಂಟೆ ನಿದ್ದೆ ಮಾಡಿದೆ. ಆ ಐದು ಗಂಟೆಯಲ್ಲಿ ನಾನು ಕೋಟಿಗೆ ರಫೂ ಹಾಕಿದೆ. ಒಳಗಿನ ಮಡಿಕೆಯಿಂದ ಅದೇ ಉಣ್ಣೆಯ ಎಳೆ ತೆಗೆದು, ಸೀಳಿನ ಅಂಚಿನಲ್ಲಿ ಕಿತ್ತು ನಿಂತಿದ್ದ ದಾರಗಳನ್ನು ಕತ್ತರಿಸಿ ಗುಡಿಸಿ, ಅಡ್ಡಕ್ಕೆ ಅಡ್ಡ, ಉದ್ದಕ್ಕೆ ಉದ್ದ ಕೂಡಿಸಿ, ಮೇಲೆ ಒದ್ದೆಬಟ್ಟೆ ಇಟ್ಟು ಇಸ್ತ್ರಿ ಮಾಡಿದೆ. ನೀನು ಎದ್ದಾಗ ಕೋಟು ಗೂಟದ ಮೇಲೆ ಹೊಸದರಂತೆ ತೂಗುತ್ತಿತ್ತು. ನೀನು ಎಡಗೈಯಿಂದ ಅದರ ಭುಜ ಸವರಿದೆ. "ಅಮ್ಮಾ, ಏನ್ ಮಾಡ್ಬಿಟ್ಟೆ" ಎಂದೆ. ಕೂಗಲಿಲ್ಲ. ತುಂಬ ಸಣ್ಣ ದನಿಯಲ್ಲಿ ಹೇಳಿದೆ. "ನನ್ನ ಕೈ ಸುಮ್ನೆ ಕೂರಲ್ಲ ಕಣೇ, ಅಭ್ಯಾಸ" ಎಂದೆ ನಾನು.

ಪೊಲೀಸ್ ಠಾಣೆಯಲ್ಲಿ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆ ಸಾಹೇಬ, "ಸಂಸಾರ ಅಂದ್ಮೇಲೆ ಇದೆಲ್ಲ ಇದ್ದಿದ್ದೇ, ಇಬ್ರೂ ಕೂತು ಮಾತಾಡಿ" ಎಂದ. ಆಮೇಲೆ, "ಎಲ್ಲಮ್ಮಾ ಹರಿದ ಬಟ್ಟೆ?" ಎಂದು ಕೇಳಿದ. ನಾನು ಕೋಟನ್ನು ಮೇಜಿನ ಮೇಲಿಟ್ಟೆ. ಅವನು ಅದನ್ನು ಒಳಗೆ ಹೊರಗೆ ತಿರುವಿ, ಪಕ್ಕದವನನ್ನು ಕರೆದು ತೋರಿಸಿ ನಕ್ಕ. ದೂರು ಬರೆದುಕೊಳ್ಳುವ ಮೊದಲು ನಿನ್ನನ್ನು ಮೂರು ಸಲ ನಿನ್ನ ಗಂಡನ ಎದುರಿಗೇ ಕೂರಿಸಿ ಬುದ್ಧಿ ಹೇಳಿಸಿದರು. ಮುರಿದ ಕೈಯವಳಿಗೆ ಬುದ್ಧಿ, ಮುರಿದವನಿಗೆ ಕುರ್ಚಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೋರ್ಟಿನಲ್ಲಿ ಹದಿನಾಲ್ಕು ತಾರೀಕು ಬಿದ್ದವು. ಒಂದು ಸಲ ಜಡ್ಜ್ ಸಾಹೇಬರು ರಜೆ, ಒಂದು ಸಲ ಫೈಲು ಸಿಗಲಿಲ್ಲ, ಒಂದು ಸಲ ಅವನ ವಕೀಲರ ಕೆಮ್ಮು ಜಾಸ್ತಿ. ಪ್ರತಿ ಪ್ರಶ್ನೆಗೂ ಮೊದಲು ಕೆಮ್ಮುವ ಆ ಮನುಷ್ಯನಿಗೆ ನೀನೇ 'ಕೆಮ್ಮಿನ ವಕೀಲ' ಎಂದು ಹೆಸರಿಟ್ಟದ್ದು. ನಿಮ್ಮ ಮಹಡಿ ಮನೆಯಾಕೆ ಕಟಕಟೆ ಹತ್ತಿ, "ನಂಗೇನೂ ಕೇಳ್ಸಿಲ್ಲ, ನಾನು ಟೀವಿ ಜೋರಾಗಿಟ್ಟಿರ್ತೀನಿ" ಎಂದಳು. ಆಮೇಲೆ ನಲ್ಲಿಯ ಹತ್ತಿರ ನನ್ನ ಕೈ ಹಿಡಿದು, "ಅಕ್ಕಾ, ಆ ಮನೆ ನಿಮ್ಮಳಿಯನ ಅಣ್ಣಂದೇ ಅಲ್ವಾ, ನಾವು ಬಾಡಿಗೆಗೆ ಅಲ್ಲೇ ಇರ್ಬೇಕಲ್ಲ" ಎಂದು ಅತ್ತಳು. ನಾನು ಅವಳನ್ನು ಬೈಯಲಿಲ್ಲ. ಬೈಯಲು ನನಗೆ ಯಾವ ಬಾಯಿ ಇತ್ತು?

ಆಮೇಲೆ ನನ್ನ ಸರದಿ. ನನ್ನ ಪುಸ್ತಕವನ್ನು ಕೋರ್ಟಿಗೆ ಒಯ್ದದ್ದು ನಾನೇ, ಯಾರೂ ಕೇಳಿರಲಿಲ್ಲ. ಆ ಪುಸ್ತಕ ನಿನಗೆ ಗೊತ್ತೇ ಇದೆ. ಯಾರ ಬಟ್ಟೆ ಬಂದರೂ, ಹರಿದ ಜಾಗದ ಒಂದು ಎಳೆಯನ್ನು ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಬಟ್ಟೆ, ತಾರೀಕು, ಹೆಸರು, ಕೊನೆಗೆ ಹರಿದದ್ದು ಯಾವುದರಿಂದ ಎಂದು ಒಂದೇ ಮಾತು: ನುಸಿ, ಇಲಿ, ಕಿಡಿ, ಮೊಳೆ, ಕೈ. ಮತ್ತೆ ಅದೇ ಬಟ್ಟೆ ಬಂದರೆ ಬಣ್ಣ ಹೊಂದಿಸಲು ಬೇಕಾಗುತ್ತದೆ ಎಂದು ನನಗೆ ಕೆಲಸ ಕಲಿಸಿದ ಯಜಮಾನರು ಹೇಳಿಕೊಟ್ಟ ಪದ್ಧತಿ. ಕೋಟು ಆ ತಾರೀಕಿಗೆ ಹರಿದಿತ್ತು ಎಂದು ತೋರಿಸಲು ಇದಕ್ಕಿಂತ ಬೇರೆ ಏನು ಬೇಕು ಎಂದುಕೊಂಡೆ. ಕೊನೆಯ ಮಾತನ್ನು ಯಾರು ಓದುತ್ತಾರೆ ಎಂದೂ ಅಂದುಕೊಂಡೆ. ಪೆದ್ದಿ ನಾನು.

ಕೆಮ್ಮಿನ ವಕೀಲ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಲ್ಲಿ ಹರಿದಿದೆ, ಯಾರಾದ್ರೂ ತೋರಿಸ್ತೀರಾ?" ಎಂದ. ಗುಮಾಸ್ತ ನೋಡಿದ, ಸರ್ಕಾರಿ ವಕೀಲರು ನೋಡಿದರು. ಜಡ್ಜ್ ಸಾಹೇಬರು ಕನ್ನಡಕ ಒರೆಸಿಕೊಂಡು, ಕೋಟನ್ನು ಮೂಗಿನ ಹತ್ತಿರ ತಂದು ನೋಡಿದರು. ಸಿಗಲಿಲ್ಲ. "ನಿಮ್ಮ ಕೆಲಸ ನಿಜವಾಗ್ಲೂ ತುಂಬಾ ಚೆನ್ನಾಗಿದೆಯಮ್ಮಾ" ಎಂದರು, ಒಳ್ಳೆಯ ಮಾತಿನಲ್ಲೇ. ದಾರದುಂಡೆ, ಇದನ್ನು ನಾನು ಚಿಕ್ಕಮ್ಮನಿಗೂ ಹೇಳಿಲ್ಲ. ಆ ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ನೀನು ಎದುರಿನ ಬೆಂಚಿನಲ್ಲಿ ಕೂತಿದ್ದೆ, ಬೆರಳು ಇನ್ನೂ ಪೂರ್ತಿ ಮಡಚಲು ಬರುತ್ತಿರಲಿಲ್ಲ, ನನಗೆ ನನ್ನ ಹೊಲಿಗೆಯ ಮೇಲೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಆ ವಕೀಲ ಪುಸ್ತಕ ತೆಗೆದು, ಕೆಮ್ಮಿ, ಎಲ್ಲರಿಗೂ ಕೇಳುವಂತೆ ಓದಿದ. "ಬೂದು ಉಣ್ಣೆಕೋಟು. ಎಡ ಭುಜ. ಮಗಳದ್ದು. ಮೊಳೆ." ಪುಸ್ತಕವನ್ನು ನನ್ನ ಮುಂದೆ ಹಿಡಿದು, "ಇದು ನಿಮ್ಮದೇ ಅಕ್ಷರ ತಾನೇ?" ಎಂದು ಕೇಳಿದ. ಹೌದು ಎಂದೆ. "ನಲವತ್ತು ವರ್ಷದಿಂದ ಇದರಲ್ಲಿ ಯಾವತ್ತಾದ್ರೂ ಸುಳ್ಳು ಬರೆದಿದ್ದೀರಾ?" ಎಂದ. ನಾನು ಬಾಯಿ ಬಿಡಲಿಲ್ಲ. ನಾಚಿಕೆಗೆ ಬರೆದೆ, ಯಾರಾದರೂ ಓದಿಯಾರು ಎಂದು ಬರೆದೆ ಎಂದಾದರೂ ಹೇಳಬಹುದಿತ್ತು.

ತೀರ್ಪು ಹದಿನೇಳು ಪುಟ. ಅದರಲ್ಲಿ ಒಂದು ಸಾಲು ನನ್ನದು: "ತಾಯಿಯೇ ತನ್ನ ವೃತ್ತಿಯ ದಾಖಲೆಯಲ್ಲಿ ಮೊಳೆಯಿಂದ ಹರಿದದ್ದೆಂದು ಬರೆದಿರುವಾಗ, ಆರೋಪಿಯ ಕೈವಾಡವನ್ನು ನಂಬಲು ಕಾರಣ ಕಾಣುವುದಿಲ್ಲ." ಅವನಿಗೆ ಬಿಡುಗಡೆಯಾಯಿತು. ಕೋರ್ಟಿನ ಮೆಟ್ಟಿಲ ಮೇಲೆ ಅವನು ನನ್ನ ಹತ್ತಿರ ಬಂದು, "ಕಣ್ಣು ಹುಷಾರು ಅತ್ತೆ" ಎಂದು ಹೇಳಿ ಹೋದ. ನೀನು ನನ್ನ ತೋಳು ಹಿಡಿದು, "ಬಿಡಮ್ಮ, ನಿಂಗೆ ಗೊತ್ತಿರ್ಲಿಲ್ಲ" ಎಂದೆ. ವಾರ ತುಂಬುವುದರೊಳಗೆ ಆ ಊರಿನ ಕೆಲಸಕ್ಕೆ ಹೊರಟುಹೋದೆ.

ಮಂಗಳವಾರ ಚಿಕ್ಕ ವಕೀಲೆ ಬಂದವಳು ಆ ಪುಸ್ತಕದ ದೊಡ್ಡ ದೊಡ್ಡ ಬಣ್ಣದ ಫೋಟೋಗಳನ್ನು ತಂದಿದ್ದಳು. ಕೌಂಟರಿನ ಮೇಲೆ ಹರಡಿದಳು. "ಕೋಟು ಬಿಚ್ಚಿ ತೋರಿಸ್ಬಹುದಾ ಅಮ್ಮಾ?" ಎಂದಳು. ಬಿಚ್ಚಬಹುದು, ಆದರೆ ಪುಸ್ತಕಕ್ಕೆ ಅಂಟಿಸಿದ ಒಂದನ್ನು ಬಿಟ್ಟು ಕಿತ್ತ ದಾರಗಳನ್ನೆಲ್ಲ ನಾನೇ ಕತ್ತರಿಸಿ ಗುಡಿಸಿದ್ದೇನೆ, ಬಿಚ್ಚಿದರೆ ಸಿಗುವುದು ನನ್ನ ಸೂಜಿಯ ಗುರುತು ಮಾತ್ರ ಎಂದೆ. ಅವಳು ತಲೆಯಾಡಿಸಿ ಒಂದೊಂದೇ ಫೋಟೋ ಮುಂದೆ ತಳ್ಳಿದಳು. "ಕೋಟಿಗಿಂತ ಮುಂಚೆ ಇನ್ನೂ ನಾಲ್ಕು ಇದೆಯಲ್ಲ. ಅಂಗಿಯ ತೋಳು, ಶಾಲು, ಇನ್ನೊಂದು ಅಂಗಿ, ಸ್ವೆಟರು. ಎಲ್ಲಾ ಮಗಳದ್ದು. ಎಲ್ಲಾ ಮೊಳೆ. ಆ ಮನೇಲಿ ಎಷ್ಟಮ್ಮಾ ಮೊಳೆ ಇತ್ತು?"

ಆ ಹುಡುಗಿ ಬೀಗದಣ್ಣನ ಭೂತಗನ್ನಡಿ ಇಸಿದುಕೊಂಡು ಬಂದು, ಬೇರೆ ಯಾರದ್ದೋ ಪ್ಯಾಂಟಿನ ಪುಟ ತೋರಿಸಿದಳು. ಅದು ನಿಜವಾಗಿಯೂ ಮೊಳೆಗೆ ಸಿಕ್ಕಿದ್ದು. ಎಳೆ ಗಿಡ್ಡ, ತುದಿ ಮೊಂಡ. ನಿನ್ನ ಐದು ಎಳೆಗಳು ಹಾಗಿಲ್ಲ. ಉದ್ದಕ್ಕೆ ಜಗ್ಗಿ, ತುದಿ ಸಣಕಲಾಗಿ ಸುರುಳಿ ಸುತ್ತಿಕೊಂಡಿವೆ. ಮೊಳೆ ಬಟ್ಟೆಯನ್ನು ಒಂದೇ ಏಟಿಗೆ ಸಿಗಿಯುತ್ತದೆ; ಕೈಯಾದರೆ ಹಿಡಿದು, ಎಳೆದು, ಬಿಡದೆ ಮತ್ತೆ ಎಳೆಯುತ್ತದೆ. ಬಟ್ಟೆಯೊಳಗಿನವಳು ಬಿಡಿಸಿಕೊಳ್ಳಲು ಆಚೆ ಜಗ್ಗಿದಷ್ಟೂ ಎಳೆ ಉದ್ದವಾಗುತ್ತದೆ. "ಈ ಎಳೆ ಏನ್ ಹೇಳತ್ತೆ ಅಮ್ಮಾ?" ಎಂದು ಕೇಳಿದಳು. "ಟೀ ಕುಡೀತೀಯಾಮ್ಮ?" ಎಂದೆ ನಾನು.

ಟೀ ಕುಡಿದಳು. ಲೋಟ ಕೆಳಗಿಟ್ಟು ಹೇಳಿದಳು: "ಆ ಪುಟದಲ್ಲಿ ಮಾತು ಸುಳ್ಳು, ಎಳೆ ನಿಜ. ಇದನ್ನ ಓದಿ ಹೇಳೋಕೆ ನಿಮ್ಮಂಥವ್ರೇ ಬೇಕು. ನೀವು ಹೇಳಿದ್ರೆ ಕೇಸು ನಿಲ್ಲತ್ತೆ, ಇಲ್ದಿದ್ರೆ ಬಿದ್ದುಹೋಗತ್ತೆ. ಆದ್ರೆ ಆ ವಕೀಲ್ರು ನಿಮಗೆ ಒಂದೇ ಒಂದು ಪ್ರಶ್ನೆ ಕೇಳ್ತಾರೆ. ಅದೂ ಮಗಳ ಎದುರಿಗೆ. ಉತ್ತರ ಯೋಚ್ನೆ ಮಾಡಿಟ್ಕೊಳ್ಳಿ." ಯಾವ ಪ್ರಶ್ನೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ, ಫೋಟೋಗಳನ್ನು ಚೀಲಕ್ಕೆ ತುಂಬಿಕೊಂಡು ಹೋದಳು.

ನಾನು ಹೋಗುತ್ತೇನೆ. ಐದು ಎಳೆಯನ್ನೂ ಓದಿ ಹೇಳುತ್ತೇನೆ. ಇದನ್ನು ಮಾತ್ರ ತೀರ್ಮಾನ ಮಾಡಿದ್ದೇನೆ. ಅವತ್ತು ನೀನೂ ಬರಬೇಕೆಂದು ವಕೀಲೆ ಹೇಳುತ್ತಾಳೆ. ಬರುವುದು ಬಿಡುವುದು ಈ ಪತ್ರ ಪೂರ್ತಿ ಓದಿದ ಮೇಲೆ ನೀನೇ ನಿರ್ಧರಿಸು. ಬಂದರೆ ನಿನ್ನ ಮಂಚ ಹಾಸಿಯೇ ಇರುತ್ತದೆ. ಬಾರದಿದ್ದರೆ ಯಾಕೆ ಎಂದು ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಯನ್ನು ಬಿಸಿನೀರಿನಲ್ಲಿ ಇಟ್ಟುಕೋ. ನಿನ್ನನ್ನು ಹೆದರಿಸುವ ಕಾಲಸಪ್ಪಳ ಇನ್ನು ಯಾವ ಬಾಗಿಲಿನಾಚೆಯೂ ಕೇಳದಿರಲಿ. ನಗುನಗುತ್ತಾ ನೂರು ಕಾಲ ಬಾಳು, ಕಂದ.

ನಿನ್ನ
ಅಮ್ಮ

ಮರೆತದ್ದು: ಮರೆತದ್ದೇನಲ್ಲ. ಪತ್ರ ಮಡಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚುವ ಮೊದಲು ಹೊರಗೆ ತೆಗೆದಿದ್ದೇನೆ. ಕೋರ್ಟಿನಲ್ಲಿ ಪರರ ಬಾಯಿಂದ ನೀನು ಕೇಳುವುದು ಬೇಡ.

ಮೊದಲನೆಯದು ನಿನ್ನ ಹಳದಿ ಅಂಗಿಯ ತೋಳು. ಮದುವೆಯಾಗಿ ನಾಲ್ಕನೆಯ ತಿಂಗಳು. ಅವನೇ ತಂದಿದ್ದ. ಅಂಗಡಿಯ ಸ್ಟೂಲಿನ ಮೇಲೆ ಕೂತು, "ಬಾಗಿಲ ಮೊಳೆಗೆ ಸಿಕ್ಕಾಕ್ಕೊಳ್ತು ಅತ್ತೆ. ನೀವೇ ಮಾಡ್ಬೇಕಂತೆ, ಬೇರೆ ಯಾರ ಕೈಗೂ ಕೊಡ್ಬಾರ್ದಂತೆ, ಹಟ ಹಿಡಿದಿದ್ದಾಳೆ" ಎಂದ. ಹೆಬ್ಬೆರಳಿನಿಂದ ಒಂದು ಸಲ ಸವರಿದೆ. ಸೂಜಿಗೆ ದಾರ ಹಾಕುವ ಮೊದಲೇ ನನಗೆ ಗೊತ್ತಾಯಿತು. ಪುಸ್ತಕ ತೆಗೆದು 'ಮೊಳೆ' ಎಂದು ಬರೆದೆ. ಅವನು ಬಗ್ಗಿ ನೋಡುತ್ತಿದ್ದ. "ಗೊತ್ತಾಗಲ್ಲ ಅಲ್ವಾ ಅತ್ತೆ?" ಎಂದ. "ಯಾರಿಗೂ ಗೊತ್ತಾಗಲ್ಲ" ಎಂದೆ. ಎರಡನೆಯ ಸಲ ಬಂದಾಗ ನನಗೆ ಕನ್ನಡಕ ತಂದುಕೊಟ್ಟ. ಆಮೇಲಿನ ಎರಡನ್ನೂ, ಕೋಟನ್ನೂ ಆ ಕನ್ನಡಕದಲ್ಲೇ ಹೊಲಿದೆ.

ಯಾಕೆ ಸುಮ್ಮನಿದ್ದೆ ಎನ್ನುವುದೇ ಆ ಒಂದು ಪ್ರಶ್ನೆ. ಅವನು ನನಗೆ ಹಿಡಿಸಿದ್ದ. ನನ್ನ ಕಷ್ಟ ಸುಖ ಕೇಳುವವರು ಬೇರೆ ಯಾರೂ ಇರಲಿಲ್ಲ. ಸರಿಹೋಗುತ್ತದೆ ಎಂದುಕೊಂಡೆ. ಜನ ಏನಂದಾರು ಎಂದೂ ಅಂದುಕೊಂಡೆ. ಇದರಲ್ಲಿ ಒಂದೂ ಉತ್ತರವಲ್ಲ, ಆದರೂ ಅಲ್ಲಿ ಇದನ್ನೇ ಹೇಳುತ್ತೇನೆ. ಆ ಭಾನುವಾರದ ಕೋಟೂ ಅಭ್ಯಾಸಕ್ಕೆ ಹೊಲಿದದ್ದಲ್ಲ. ಸಂಜೆಗೆ ಅವನು ಕರೆಯಲು ಬಂದರೆ, ನೀನು ಹಾಕಿಕೊಂಡು ವಾಪಸ್ ಹೋಗಲಿ ಎಂದು ಹೊಲಿದೆ.

ಇದಿಷ್ಟೂ ನೀನು ಕ್ಷಮಿಸಬಹುದೇನೋ. ಇನ್ನೊಂದಿದೆ. ಹದಿನಾಲ್ಕು ವರ್ಷಕ್ಕೇ ನೀನು ನಿಮ್ಮ ಟೀಚರ ಶಾಲಿಗೆ ರಫೂ ಹಾಕಿದ್ದೆ, ಎಲ್ಲಿ ಎಂದು ಅವರಿಗೇ ಸಿಗಲಿಲ್ಲ. ಎಳೆ ಓದುವುದು ನಿನಗೂ ಬರುತ್ತದೆ, ಕಲಿಸಿದವಳು ನಾನೇ. ಆ ತೋಳನ್ನು ನೀನೇ ಅರ್ಧ ಗಂಟೆಯಲ್ಲಿ ಹೊಲಿದುಕೊಳ್ಳಬಹುದಿತ್ತು. ಹೊಲಿಯಲಿಲ್ಲ. ನನ್ನ ಕೈಗೇ ಸೇರಬೇಕೆಂದು ಹಟ ಹಿಡಿದು ಕಳಿಸಿದೆ. ಒಂದಲ್ಲ, ನಾಲ್ಕು ಸಲ. ನಾನು ಎಳೆ ಓದಿ ತಿಳಿದುಕೊಳ್ಳಲಿ ಎಂದೇ ಕಳಿಸುತ್ತಿದ್ದೀಯ ಎಂಬುದು ಮೊದಲನೆಯ ಸಲವೇ ನನಗೆ ತಿಳಿದಿತ್ತು. ತಿಳಿದೂ, ನಾಲ್ಕು ಸಲವೂ ಗುರುತು ಸಿಗದ ಹಾಗೆ ಹೊಲಿದು, ಇಸ್ತ್ರಿ ಮಾಡಿ, ಮಡಿಸಿ, ಅವನ ಕೈಗೇ ಕೊಟ್ಟು ಕಳಿಸಿದೆ.